ಪವಿತ್ರಳ ಮಾತಿನ ಪುಟ

ಕಳೆದ ತಿಂಗಳು ನೆಂಟರೊಬ್ಬರ ಮನೆಯ ಗೃಹಪ್ರವೇಶಕ್ಕೆಂದು ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ಇನ್ನೇನು ಬಂತು ಅನ್ನುವಾಗ ಯಾವುದೋ ಆಲೆಮನೆಯಿಂದ ಬೆಲ್ಲ ಕುದಿಯುವ ವಾಸನೆ ಕಿಟಕಿಯೊಳಗೆ ನುಗ್ಗಿತು. ಕಬ್ಬಿನ ಹಾಲು ಪಾಕಕ್ಕೆ ತಿರುಗುವ ಹೊತ್ತಿನ, ಸ್ವಲ್ಪ ಸುಟ್ಟಂತಿರುವ, ಗಂಟಲಿಗೇ ಅಂಟಿಕೊಳ್ಳುವ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಗಮ್ ಅಂತದಲ್ವಾ?” ಅಂದರು. ಹೌದೆಂದು ತಲೆಯಾಡಿಸಿದೆ. ನಾನು ಯಳಂದೂರಿನಲ್ಲಿ ಕೆಲಸ ಮಾಡಿದ್ದು ಮೂರೇ ವರ್ಷ. ಅದರಲ್ಲಿ ಸಂಕ್ರಾಂತಿಯಿಂದ ಹಿಡಿದು ಹತ್ತನೇ ತರಗತಿಯ ಪರೀಕ್ಷೆ ಮುಗಿಯುವವರೆಗಿನ ಕೆಲವು ತಿಂಗಳು ಮಾತ್ರ ಇಡಿಯಾಗಿ ನೆನಪಿವೆ. ಆ ದಿನಗಳ ತುಂಬ ಇದೇ ವಾಸನೆ ಇತ್ತು.

ಆಗ ನಾನು ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವ ಶಿಕ್ಷಕಿ. ನಮ್ಮ ಮನೆ ಕೊಳ್ಳೇಗಾಲದಲ್ಲಿ, ರೇಷ್ಮೆ ನೇಯುವವರ ಬೀದಿಯಲ್ಲಿ. ಬೆಳಗಿನ ಬಸ್ಸಿಗೆ ಯಳಂದೂರಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಹಳ್ಳಿಗಳಿಗೆ ಹೋಗುವುದು ನನ್ನ ದಿನಚರಿ. ನನ್ನ ಪಟ್ಟಿಯಲ್ಲಿದ್ದ ಮಕ್ಕಳಲ್ಲಿ ಎಲ್ಲರಿಗಿಂತ ದೊಡ್ಡವಳು ಹೊನ್ನೂರಿನ ಪವಿತ್ರ. ಹದಿನೇಳು ವರ್ಷ. ಹುಟ್ಟುವಾಗ ಉಸಿರು ಕಟ್ಟಿದ್ದರಿಂದ ಅವಳ ಕೈಕಾಲು ಅವಳ ಹಿಡಿತಕ್ಕೆ ಸಿಗುತ್ತಿರಲಿಲ್ಲ. ನಾಲಗೆಯೂ ಅಷ್ಟೆ. ಒಂದೊಂದು ಸಲ ‘ಆ’ ಎಂದೋ ‘ಊ’ ಎಂದೋ ಸದ್ದು ಹೊರಡುತ್ತಿತ್ತು, ಮಾತಾಗುತ್ತಿರಲಿಲ್ಲ. ಬುದ್ಧಿಗೆ ಮಾತ್ರ ಏನೂ ಆಗಿರಲಿಲ್ಲ. ನಾನು ಪಾಠದಲ್ಲಿ ತಪ್ಪು ಮಾಡಿದರೆ ಅವಳ ಹುಬ್ಬು ಮೇಲೇರುತ್ತಿತ್ತು. ಮೈಯಲ್ಲಿ ಒಂದೇ ಒಂದು ಜಾಗ ಅವಳು ಹೇಳಿದಂತೆ ಕೇಳುತ್ತಿತ್ತು: ಎಡಗಾಲಿನ ಹೆಬ್ಬೆರಳು.

ಆ ಹೆಬ್ಬೆರಳಿನಿಂದಲೇ ಅವಳು ಮಾತಾಡುತ್ತಿದ್ದಳು.

ಅವಳ ಅಕ್ಕ ಸವಿತ ಪಿಯುಸಿ ಮುಗಿಸಿ ಕೊಳ್ಳೇಗಾಲದ ಒಂದು ಕಂಪ್ಯೂಟರ್ ಸೆಂಟರಿಗೆ ಕಲಿಯಲು ಹೋಗುತ್ತಿದ್ದಾಗ, ಅಲ್ಲಿ ಕಲಿಸುತ್ತಿದ್ದ ಶ್ರೀಕಂಠ ಎಂಬವರು ತಂಗಿಯ ವಿಷಯ ಕೇಳಿ ಒಂದು ಪುಟ ಮಾಡಿಕೊಟ್ಟಿದ್ದರು. ಇಂಟರ್‌ನೆಟ್ ನೋಡುವ ಬ್ರೌಸರಿನಲ್ಲೇ ತೆರೆದುಕೊಳ್ಳುವ ಪುಟ, ಆದರೆ ಅದಕ್ಕೆ ಇಂಟರ್‌ನೆಟ್ ಬೇಕಿರಲಿಲ್ಲ. ತೆರೆದರೆ ಚೌಕಾಕಾರದ ಮನೆಗಳು. ಕೆಲವುಗಳಲ್ಲಿ ಚಿತ್ರ: ನೀರಿನ ಲೋಟ, ತಟ್ಟೆ, ಸೂರ್ಯ, ಅವ್ವ. ಉಳಿದವುಗಳಲ್ಲಿ ಅಕ್ಷರ. ಒಂದು ಹಳದಿ ಬೆಳಕು ‘ಟಕ್’ ಎನ್ನುತ್ತಾ ಮನೆಯಿಂದ ಮನೆಗೆ ತಾನಾಗಿ ಸರಿಯುತ್ತಿತ್ತು. ತನಗೆ ಬೇಕಾದ ಮನೆಯ ಮೇಲೆ ಬೆಳಕು ಬಂದಾಗ ಪವಿತ್ರ ಕಾಲಿನ ಕೆಳಗಿದ್ದ ಗುಂಡಿ ಒತ್ತಬೇಕು. ಚಿತ್ರವಾದರೆ ಸವಿತಳ ದನಿ ಆ ಮಾತನ್ನು ಹೇಳುತ್ತಿತ್ತು: ‘ನೀರು ಬೇಕು’, ‘ಸಾಕು’, ‘ಅವ್ವ, ಬಾ ಇಲ್ಲಿ’. ಅಕ್ಷರವಾದರೆ ಪರದೆಯ ಮೇಲಿನ ಸಾಲಿನಲ್ಲಿ ಕೂತು, ಒಂದಕ್ಕೊಂದು ಸೇರಿ ಪದವಾಗುತ್ತಿತ್ತು. ಒಂದು ವಾಕ್ಯಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಪವಿತ್ರಳಿಗೆ ಅದು ನಿಧಾನ ಅನ್ನಿಸಿರಲಿಲ್ಲ. ಕೇಳುವವರಿಗೆ ಮಾತ್ರ ತಾಳ್ಮೆ ಬೇಕಿತ್ತು. ಆರು ವರ್ಷದವಳಿದ್ದಾಗ ಬಂದ ಆ ಪುಟದಲ್ಲೇ ಅವಳು ಅಕ್ಷರ ಕಲಿತಳು, ಮಗ್ಗಿ ಕಲಿತಳು, ಬೈಯುವುದನ್ನೂ ಕಲಿತಳು. ಆ ವರ್ಷ ಹತ್ತನೇ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದಳು. ಅವಳು ಪರದೆಯ ಮೇಲೆ ಬರೆದದ್ದನ್ನು ಒಬ್ಬರು ಉತ್ತರಪತ್ರಿಕೆಗೆ ನಕಲು ಮಾಡಬಹುದು, ಹೆಚ್ಚಿನ ಸಮಯವೂ ಸಿಗುತ್ತದೆ ಎಂದು ಅನುಮತಿಯ ಪತ್ರವೂ ಬಂದಿತ್ತು.

ದೀಪಾವಳಿಯ ಹೊತ್ತಿಗೆ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಕರೆಂಟು ಏರಿಳಿದು ಒಳಗಿನದೆಲ್ಲ ಕರಕಲು. ಪುಟದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿತ್ತು ಎಂಬ ಧೈರ್ಯದಿಂದ ನಾನೇ ಓಡಾಡಿ, ದಾನಿಗಳೊಬ್ಬರಿಂದ ಹೊಸ ಲ್ಯಾಪ್‌ಟಾಪ್ ಕೊಡಿಸಿದೆ. ಹೊಸದರಲ್ಲಿ ಪುಟ ತೆರೆಯಿತು. ಚಿತ್ರಗಳೆಲ್ಲ ಬಂದವು. ಬೆಳಕು ಮಾತ್ರ ಸರಿಯಲಿಲ್ಲ, ಸದ್ದೂ ಇಲ್ಲ. ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಂಗಡಿಯವರೊಬ್ಬರಿಗೆ ತೋರಿಸಿದೆ.

“ಪುಟದ ಒಳಗೇ ಬರೆದಿರ್ತಾರಲ್ಲ ಮೇಡಂ, ‘ಇಷ್ಟೊತ್ತಿಗೆ ಇದು ಮಾಡು, ಒತ್ತಿದ್ರೆ ಅದು ಮಾಡು’ ಅಂತ, ಅದಕ್ಕೆ ಸ್ಕ್ರಿಪ್ಟ್ ಅಂತಾರೆ. ಇದು ಹಳೇ ಕಾಲದ್ದು. ಆಗಿನ ಒಂದೇ ಒಂದು ಬ್ರೌಸರಿಗೆ ಅರ್ಥ ಆಗೋ ಭಾಷೆ. ಆ ಬ್ರೌಸರೇ ಈಗ ಇಲ್ಲ,” ಅಂದರು ಅವರು. ಆಮೇಲೆ ಏನೇನೋ ಒತ್ತಿ, “ಹೊಸದರಲ್ಲಿ ಒಂದು ಹಿಂಬಾಗಿಲು ಇಟ್ಟಿದಾರೆ, ಹಳೇ ಪುಟಗಳಿಗೋಸ್ಕರ. ನೋಡಿ,” ಎಂದು ತೋರಿಸಿದರು. ಬೆಳಕು ಸರಿಯತೊಡಗಿತು. ಸವಿತ ಮಾತಾಡಿದಳು. ನಾನು ಖುಷಿಯಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟೆ. ಬೇರೇನನ್ನೂ ಕೇಳಲಿಲ್ಲ.

ಸಂಕ್ರಾಂತಿಯ ಆಸುಪಾಸಿನಲ್ಲಿ ರಜೆ, ಅದರ ಬೆನ್ನಿಗೇ ಒಂದು ತರಬೇತಿ ಎಂದು ನಾನು ಹೊನ್ನೂರಿಗೆ ಹೋಗಿರಲಿಲ್ಲ. ನಡುವೆ ಪವಿತ್ರಳ ತಾಯಿ ಪುಟ್ಟತಾಯಮ್ಮ ಒಮ್ಮೆ ಫೋನ್ ಮಾಡಿದ್ದರು. “ಮಿಸ್ಸು, ಅದು ಅಲ್ಲಾಡ್ತಾ ಇಲ್ಲ,” ಅಂದರು. ನಾನು ತರಬೇತಿಯ ಗದ್ದಲದ ನಡುವೆ, “ಒಂದು ಸಲ ಆಫ್ ಮಾಡಿ ಆನ್ ಮಾಡಿ,” ಎಂದು ಹೇಳಿ ಇಟ್ಟುಬಿಟ್ಟೆ. ಮತ್ತೆ ಫೋನ್ ಬರಲಿಲ್ಲವಾದ್ದರಿಂದ ಸರಿಹೋಗಿರಬೇಕು ಅಂದುಕೊಂಡೆ.

ನಾನು ಹೋದದ್ದು ಆ ಫೋನ್ ಬಂದ ಒಂಬತ್ತು ದಿನಗಳ ಮೇಲೆ. ಜಗಲಿ ಹತ್ತುವಾಗಲೇ ಪುಟ್ಟತಾಯಮ್ಮ ಎದುರು ಬಂದರು.

“ಉಣ್ತಾ ಇಲ್ಲ ಮಿಸ್ಸು. ಏನ್ ಕೊಟ್ರೂ ಬಾಯ್ ಮುಚ್ಕತಳೆ. ನೀವ್ ಬರ್ನಿಲ್ವಲ್ಲ, ಅದ್ಕೇ ಮುನಿಸ್ಕಂಡವ್ಳೆ ಅಂತ ಅವರಪ್ಪ ಅಂತರೆ. ಒಟ್ಟೆ ನೋವೇನೋ ಅಂತ ಜೀರ್ಗೆ ನೀರು ಕೊಟ್ಟೆ, ಅದ್ನೂ ಉಗ್ದುಬುಟ್ಲು.”

ಪವಿತ್ರ ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ ಕೂತಿದ್ದಳು. ಕಣ್ಣಿನ ಸುತ್ತ ಕಪ್ಪಾಗಿತ್ತು. ನನ್ನನ್ನು ನೋಡಿ ಕಣ್ಣನ್ನು ಲ್ಯಾಪ್‌ಟಾಪಿನ ಕಡೆ ತಿರುಗಿಸಿದಳು, ಮತ್ತೆ ನನ್ನ ಕಡೆಗೆ, ಮತ್ತೆ ಅದರ ಕಡೆಗೆ. ತೆರೆದೆ. ಚಿತ್ರಗಳೆಲ್ಲ ತಣ್ಣಗೆ ಕೂತಿದ್ದವು. ಕೊಳ್ಳೇಗಾಲದ ಅಂಗಡಿಗೆ ಫೋನ್ ಮಾಡಿದೆ. “ಅಯ್ಯೋ, ಹೇಳೋದು ಮರೆತೆ ಮೇಡಂ. ಆ ಹಿಂಬಾಗಿಲು ಮೂವತ್ತು ದಿನಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತೆ. ಮತ್ತೆ ತೆಗೀಬೇಕು,” ಎಂದು ಒಂದೊಂದೇ ಹೆಜ್ಜೆ ಹೇಳಿಕೊಟ್ಟರು. ಹೇಳಿದಂತೆ ಮಾಡಿದೆ. ‘ಟಕ್’ ಅಂದಿತು.

ಪವಿತ್ರ ಅಕ್ಷರದ ಮನೆಗಳಿಗೆ ಹೋದಳು. ನಾನೂ ಪುಟ್ಟತಾಯಮ್ಮನೂ ನೋಡುತ್ತ ನಿಂತೆವು. ಒಂದೊಂದೇ ಅಕ್ಷರ ಬಂದು ಕೂತಿತು.

‘ಹಲ್ಲು ನೋವು.’

ಪುಟ್ಟತಾಯಮ್ಮ ಅಲ್ಲೇ ನೆಲದ ಮೇಲೆ ಕೂತರು. ಮಗಳ ಪಾದ ಹಿಡಿದುಕೊಂಡು, “ನಂಗೆ ಗೊತ್ತಾಗ್ನಿಲ್ವಲ್ಲೇ ಮಗ, ನಂಗೆ ಗೊತ್ತಾಗ್ನಿಲ್ವಲ್ಲ,” ಎಂದು ಅದನ್ನೇ ಹೇಳಿದರು. ಅಂದೇ ಮಧ್ಯಾಹ್ನ ಆಟೋದಲ್ಲಿ ಕರೆದುಕೊಂಡು ಹೋಗಿ ಹಲ್ಲು ತೆಗೆಸಿದೆವು. ಒಸಡಿನ ತುಂಬ ಕೀವು. ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ವೈದ್ಯರು ಗದರಿಸಿದರು. ತಾಯಿ ತಲೆ ತಗ್ಗಿಸಿ ಬೈಸಿಕೊಂಡರು. ಬೈಸಿಕೊಳ್ಳಬೇಕಾಗಿದ್ದವಳು ನಾನು.

ಆ ಶನಿವಾರ ಮತ್ತೆ ಕೊಳ್ಳೇಗಾಲದ ಅಂಗಡಿಗೆ ಹೋಗಿ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: ಆ ಹಿಂಬಾಗಿಲು ಎಷ್ಟು ದಿನ ಇರುತ್ತದೆ?

“ಅದು ಯಾರಿಗೂ ಗೊತ್ತಿಲ್ಲ ಮೇಡಂ. ಈ ಭಾಷೇನೇ ಪೂರ್ತಿ ತೆಗೀತೀವಿ ಅಂತ ಹೇಳಿಬಿಟ್ಟಿದಾರೆ. ಯಾವತ್ತೋ ಒಂದು ಅಪ್‌ಡೇಟ್ ಬರುತ್ತೆ, ಬೆಳಿಗ್ಗೆ ಎದ್ದು ನೋಡಿದ್ರೆ ಇರಲ್ಲ. ಪರೀಕ್ಷೆವರೆಗೂ ಇಂಟರ್‌ನೆಟ್‌ಗೇ ಹಾಕಬೇಡಿ, ಹಂಗೇ ತಳ್ಳಿ.”

ನನಗೂ ಅದೇ ಸರಿ ಅನ್ನಿಸಿತು. ಹೊನ್ನೂರಿಗೆ ಹೋಗಿ ಪವಿತ್ರಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳಿಗೆ ಸುಳ್ಳು ಹೇಳುವ ಹಾಗಿರಲಿಲ್ಲ, ಹುಬ್ಬು ಏರುತ್ತಿತ್ತು. ಪರೀಕ್ಷೆ ಮುಗಿಯುವವರೆಗೆ ಇದು ಹೀಗೇ ನಡೆಯುತ್ತದೆ, ಯೋಚನೆ ಬೇಡ ಅಂದೆ. ಅವಳ ಹೆಬ್ಬೆರಳು ಅಲುಗಿತು. ಬೆಳಕು ಸರಿಯಿತು. ‘ಆಮೇಲೆ?’ ಎಂದು ಬರೆದಳು. ಅಲ್ಲಿಗೇ ನಿಲ್ಲಿಸದೆ ಮುಂದುವರಿಸಿದಳು. ‘ಮಾತು ಪರೀಕ್ಷೆಗೆ ಮಾತ್ರ ಅಲ್ಲ.’

ಆ ವಾಕ್ಯಕ್ಕೆ ಆರು ನಿಮಿಷ ಹಿಡಿಯಿತು. ಆರು ನಿಮಿಷವೂ ನಾನು ಅವಳ ಮುಖ ನೋಡದೆ ಪರದೆಯನ್ನೇ ನೋಡುತ್ತ ಕೂತಿದ್ದೆ.

ಪುಟವನ್ನು ಹೊಸ ಭಾಷೆಯಲ್ಲಿ ಮತ್ತೆ ಬರೆಸಬೇಕು. ಬರೆದವರೇ ಸಿಕ್ಕಿದರೆ ಒಳ್ಳೆಯದು. ಕಂಪ್ಯೂಟರ್ ಸೆಂಟರು ಎಂದೋ ಮುಚ್ಚಿತ್ತು, ಆ ಜಾಗದಲ್ಲಿ ಬಟ್ಟೆ ಅಂಗಡಿ ಬಂದಿತ್ತು. ಸವಿತಳಿಗೆ ಫೋನ್ ಮಾಡಿದೆ. ಮದುವೆಯಾಗಿ ಹನೂರಿನಲ್ಲಿದ್ದಳು. “ಶ್ರೀಕಂಠ್ ಸಾ ಇಲ್ಲೇ ಅವ್ರೆ ಮಿಸ್. ಬೋರ್‌ವೆಲ್ ಮೋಟಾರು ವೈಂಡಿಂಗ್ ಅಂಗ್ಡಿ ಮಡಿಕಂಡವ್ರೆ. ಕಂಪ್ಯೂಟ್ರು ಮುಟ್ಟೋದ್ನೇ ಬುಟ್ಬುಟ್ರು,” ಅಂದಳು.

ಮಾರನೆಯ ವಾರ ಹನೂರಿಗೆ ಹೋದೆ. ಫೆಬ್ರವರಿಯಲ್ಲೇ ಬಿಸಿಲು ಚುರುಗುಟ್ಟುತ್ತಿತ್ತು. ಶ್ರೀಕಂಠರ ಅಂಗಡಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿತ್ತು. ನೆಲದ ಮೇಲೆ ಹೊಟ್ಟೆ ಬಿಚ್ಚಿ ಮಲಗಿದ ಮೋಟಾರುಗಳು, ಗೋಡೆಗೆ ತಾಮ್ರದ ತಂತಿಯ ಸುರುಳಿಗಳು, ವಾರ್ನಿಷಿನ ಘಾಟು. ಸವಿತ ಮೊದಲೇ ಬಂದು ನಿಂತಿದ್ದಳು. ಶ್ರೀಕಂಠರಿಗೆ ನಲವತ್ತು ದಾಟಿರಬಹುದು. ತಂತಿ ಸುತ್ತುವುದನ್ನು ನಿಲ್ಲಿಸದೆ ನನ್ನ ಮಾತು ಕೇಳಿಸಿಕೊಂಡರು.

“ಆಗೋದಿಲ್ಲ ಮೇಡಂ,” ಅಂದರು ಕೊನೆಗೆ. “ಆ ಭಾಷೆ ಬಿಟ್ಟು ಹತ್ತು ವರ್ಷ ಆಯ್ತು. ಹೊಸದು ನಂಗೆ ಸರಿಯಾಗಿ ಗೊತ್ತಿಲ್ಲ. ಮೈಸೂರಲ್ಲಿ ಓದಿದೋರಿಗೆ ಕೊಡಿ.” ತಂತಿಯ ಇನ್ನೊಂದು ಸುತ್ತು ಹಾಕಿ, “ತಪ್ಪು ನಂದೇ. ಆಗ್ಲೂ ಎಲ್ಲಾ ಬ್ರೌಸರಲ್ಲೂ ಓಡೋ ಇನ್ನೊಂದು ಭಾಷೆ ಇತ್ತು. ನನ್ ಹತ್ರ ಇದ್ದ ಪುಸ್ತಕದಲ್ಲಿ ಇದಿತ್ತು, ಇದ್ರಲ್ಲೇ ಬರೆದೆ. ಎಲ್ಲರ ಕಂಪ್ಯೂಟರಲ್ಲೂ ಅದೇ ಬ್ರೌಸರ್ ಇತ್ತಲ್ಲ, ಅದು ಹೋಗುತ್ತೆ ಅಂತ ಯಾರು ಅನ್ಕೊಂಡಿದ್ರು?” ಅಂದರು.

ನಾನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಮೋಟಾರುಗಳ ನಡುವೆ ಇದ್ದ ಸ್ಟೂಲಿನ ಮೇಲಿಟ್ಟು, ಪುಟ ತೆರೆದೆ. ಬೆಳಕು ಲೋಟದ ಚಿತ್ರದ ಮೇಲೆ ಬಂದಾಗ ಒತ್ತಿದೆ.

‘ನೀರು ಬೇಕು,’ ಅಂದಿತು ಹದಿನೇಳು ವರ್ಷದ ಸವಿತಳ ದನಿ.

ಇಪ್ಪತ್ತೆಂಟು ವರ್ಷದ ಸವಿತ ಅಂಗಡಿಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದಳು. ಶ್ರೀಕಂಠರ ಕೈಯಲ್ಲಿ ತಂತಿ ನಿಂತಿತು.

“ಇನ್ನೂ ಇದನ್ನೇ ಬಳಸ್ತಾ ಇದಾಳಾ?”

“ದಿನಾ ಸಾ,” ಅಂದಳು ಸವಿತ. “ಎದ್ದಾಗ್ನಿಂದ ಮನಿಕ್ಕಳೋಗಂಟ. ಅದು ಬುಟ್ರೆ ಅವ್ಳಿಗೆ ಇನ್ನೇನೈತೆ?”

“ಒಂದಾರು ತಿಂಗಳು ಆಟ ಆಡಿ ಬಿಟ್ಟಿರ್ತಾಳೆ ಅನ್ಕೊಂಡಿದ್ದೆ ಕಣಮ್ಮ,” ಅಂದರು ಅವರು. ಕೈಯ ವಾರ್ನಿಷನ್ನು ಬಟ್ಟೆಗೆ ಒರೆಸಿಕೊಂಡು, ಮಂಡಿಯೂರಿ ಸ್ಟೂಲಿನ ಮುಂದೆ ಕೂತರು. ತಾವು ಬರೆದದ್ದನ್ನು ತಾವೇ ತೆರೆದು ಓದುತ್ತ ಹೋದರು. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತದೆಯೇ, “ಭಾನುವಾರ ಬರ್ತೀನಿ,” ಅಂದರು.

ಬಂದರು. ಹನೂರಿನಿಂದ ಕೊಳ್ಳೇಗಾಲ, ಅಲ್ಲಿಂದ ಯಳಂದೂರು, ಅಲ್ಲಿಂದ ಆಟೋ. ಹೊನ್ನೂರಿನ ಆ ನಡುಮನೆಯಲ್ಲಿ ಚಾಪೆ ಹಾಸಿ ಕೂತು, ಫೋನಿನಲ್ಲಿ ಹೊಸ ಭಾಷೆಯ ಪಾಠ ನೋಡುತ್ತ, ಹಳೆಯದರ ಒಂದೊಂದು ಸಾಲನ್ನು ಹೊಸದಕ್ಕೆ ಬದಲಿಸುತ್ತಿದ್ದರು. ನಡುನಡುವೆ ತಾವು ಬರೆದದ್ದಕ್ಕೆ ತಾವೇ ನಗುತ್ತಿದ್ದರು. ಪವಿತ್ರ ಎದುರು ಕೂತು ಇಮೆ ಮಿಟುಕಿಸದೆ ನೋಡುತ್ತಿದ್ದಳು. ಎರಡನೆಯ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಪುಟ ಎದ್ದು ನಿಂತಿತು. ಹಿಂಬಾಗಿಲಿನ ಹಂಗಿಲ್ಲದೆ, ಯಾವ ಬ್ರೌಸರಿನಲ್ಲಿ ಬೇಕಾದರೂ ತೆರೆಯುತ್ತಿತ್ತು. ನನ್ನ ಫೋನಿನಲ್ಲೂ ತೆರೆದು ತೋರಿಸಿದರು. ಸವಿತಳ ದನಿಯನ್ನು ಹಾಗೇ ಉಳಿಸಿದ್ದರು.

ಪವಿತ್ರ ಒತ್ತಿದಳು. ‘ಬೇಕು’ ಅನ್ನಲು ಹೋದದ್ದು ‘ಬೇಡ’ ಆಯಿತು. ಮತ್ತೆ ಒತ್ತಿದಳು, ಅದರ ಮುಂದಿನ ಮನೆ. ಹೆಸರು ಬರೆಯಲು ಹೋದಳು. ‘ಪ’ ತಪ್ಪಿ ‘ಫ’ ಬಂತು, ‘ವ’ ತಪ್ಪಿ ‘ಶ’ ಬಂತು. ಒಂದು ಗಂಟೆ ಹೀಗೇ ಹೋಯಿತು. ಕಾಲು ನಡುಗತೊಡಗಿತು. ಕೊನೆಗೆ ಕಣ್ಣು ಮುಚ್ಚಿಕೊಂಡುಬಿಟ್ಟಳು. ಕೆನ್ನೆಯ ಮೇಲೆ ನೀರು ಇಳಿಯಿತು. ಪರೀಕ್ಷಾ ಕೇಂದ್ರದವರು ವ್ಯವಸ್ಥೆಯನ್ನು ಮೊದಲೇ ನೋಡಬೇಕು ಎಂದಿದ್ದರು. ಅದಕ್ಕೆ ಹತ್ತೇ ದಿನ ಉಳಿದಿತ್ತು.

“ಹಳೆಯದರಲ್ಲೂ ಒಂದು ಸೆಕೆಂಡೇ ಇದೆ, ಇದರಲ್ಲೂ ಒಂದೇ ಇಟ್ಟಿದೀನಿ,” ಎಂದು ಶ್ರೀಕಂಠ ಮತ್ತೆ ಮತ್ತೆ ಎರಡನ್ನೂ ನೋಡಿದರು. “ಲೆಕ್ಕ ಒಂಚೂರೂ ಬದಲಾಯಿಸಿಲ್ಲ. ಎಲ್ಲಿ ತಪ್ಪಿದೆ ಗೊತ್ತಾಗ್ತಿಲ್ಲ.”

ಆಗ ಅಡುಗೆಮನೆಯ ಬಾಗಿಲಿಗೆ ಪುಟ್ಟತಾಯಮ್ಮ ಬಂದರು. ಮುದ್ದೆ ತೊಳಸುತ್ತಿದ್ದ ಕೋಲು ಕೈಯಲ್ಲೇ ಇತ್ತು.

“ಸಾ, ನಾ ಒಂದ್ ಮಾತೇಳ್ಲಾ? ನಂಗೆ ಓದಕ್ಕೆ ಬರಕ್ಕೆ ಬರಕಿಲ್ಲ, ತಪ್ಪು ತಿಳ್ಕಬ್ಯಾಡಿ. ಅಳೇದು ‘ಟಕ್’ ಅಂದ್ಬುಟ್ಟು ಒಸಿ ಉಸ್ರು ತಕತಿತ್ತು. ಆಮೇಲೆ ಮುಂದ್ಕೆ ಓಯ್ತಿತ್ತು. ಇದು ಉಸ್ರೇ ತಕಳ್ದಂಗೆ ಓಡ್ತಾ ಅದೆ. ಒಳ್ಗೆ ಕೂತ್ಕಂಡು ಕೇಳುಸ್ಕತಾ ಇವ್ನಿ, ಆಗ್ಲಿಂದ.”

ಶ್ರೀಕಂಠ ಅವರನ್ನೇ ನೋಡಿದರು. ಆಮೇಲೆ ಲ್ಯಾಪ್‌ಟಾಪಿಗೆ ಬಗ್ಗಿ, ಆ ‘ಟಕ್’ ಎಂಬ ಸದ್ದಿನ ಫೈಲನ್ನು ತೆರೆದರು. ಎಂದೋ ಒಂದು ಬಾಲ್‌ಪೆನ್ ಒತ್ತಿ ರೆಕಾರ್ಡ್ ಮಾಡಿದ್ದ ಸದ್ದು. ಸದ್ದು ಮುಗಿದ ಮೇಲೂ ಮುಕ್ಕಾಲು ಸೆಕೆಂಡಿನಷ್ಟು ಖಾಲಿ ಉಳಿದಿತ್ತು, ಆಗ ಕತ್ತರಿಸುವುದನ್ನು ಮರೆತಿದ್ದರು. ಹಳೆಯ ಸ್ಕ್ರಿಪ್ಟು ಒಂದು ಕೆಲಸ ಪೂರ್ತಿ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುತ್ತಿರಲಿಲ್ಲ. ಆ ಖಾಲಿಯೂ ಮುಗಿಯುವವರೆಗೆ ಕಾದು, ಆಮೇಲೆ ಒಂದು ಸೆಕೆಂಡು ಎಣಿಸುತ್ತಿತ್ತು. ಹೊಸದು ಸದ್ದನ್ನು ಅದರ ಪಾಡಿಗೆ ಬಿಟ್ಟು ಎಣಿಕೆ ಶುರುಮಾಡುತ್ತಿತ್ತು. ಪವಿತ್ರಳ ಹೆಬ್ಬೆರಳು ಹನ್ನೊಂದು ವರ್ಷದಿಂದ ಆ ಮುಕ್ಕಾಲು ಸೆಕೆಂಡಿನೊಳಗೆ ಸಿದ್ಧವಾಗುತ್ತಿತ್ತು.

“ಅಮ್ಮ, ನೀವು ಹೇಳದೇ ಇದ್ದಿದ್ರೆ ನಾನು ಯುಗಾದಿವರೆಗೂ ಹುಡುಕ್ತಿದ್ದೆ,” ಅಂದರು ಶ್ರೀಕಂಠ. ಎರಡು ಸಾಲು ಸೇರಿಸಿದರು.

ಪವಿತ್ರ ಕಣ್ಣು ತೆರೆದಳು. ಟಕ್. ಟಕ್. ಟಕ್. ಒತ್ತಿದಳು. ‘ಪ’ ಬಂತು. ಅವಳು ನಗುವಾಗ ಇಡೀ ಮೈ ಒಂದು ಕಡೆಗೆ ವಾಲುತ್ತಿತ್ತು. ಪುಟ್ಟತಾಯಮ್ಮ ಕೋಲು ಬಿಟ್ಟು ಬಂದು ಅವಳನ್ನು ಹಿಡಿದುಕೊಂಡರು. ಒಳಗೆ ಮುದ್ದೆ ತಳ ಹಿಡಿದು ಸೀದಿತು. ಅವತ್ತು ಎಲ್ಲರೂ ಅದನ್ನೇ ಉಂಡೆವು.

ಮೂರನೆಯ ಭಾನುವಾರ ಸವಿತಳೂ ಬಂದಿದ್ದಳು. ಪುಟಕ್ಕೆ ಹೊಸ ಮಾತು ಸೇರಿಸುವುದಿತ್ತು. ಆರು ವರ್ಷದ ಮಗುವಿಗೆಂದು ಮಾಡಿದ ಪಟ್ಟಿಯಲ್ಲಿ ‘ಯಾಕೆ’ ಎಂಬುದೇ ಇರಲಿಲ್ಲ. ಆ ಪದ ಬೇಕಾದಾಗಲೆಲ್ಲ ಪವಿತ್ರ ಅಕ್ಷರ ಅಕ್ಷರವಾಗಿ ಬರೆಯುತ್ತಿದ್ದಳು. “ಎಲ್ಲಾ ಮಾತ್ನೂ ಹೊಸ್ದಾಗಿ ಏಳ್ಲಾ? ಹಳೇದ್ರಲ್ಲಿ ನನ್ ಗಂಟ್ಲು ಕೀರ್ಲು,” ಎಂದು ಸವಿತ ಕೇಳಿದಳು. ಪವಿತ್ರ ತಟ್ಟನೆ ‘ಬೇಡ’ ಒತ್ತಿದಳು. ಆಮೇಲೆ ನಿಧಾನವಾಗಿ ಬರೆದಳು: ‘ಇದು ಈಗ ನನ್ನ ದನಿ.’ ಸವಿತ ಅವಳ ತಲೆಗೊಂದು ಮೊಟಕಿ, ಹೊಸ ಮಾತುಗಳನ್ನಷ್ಟೇ ಆದಷ್ಟು ಹುಡುಗಿಯ ದನಿಯಲ್ಲಿ ಹೇಳಿದಳು.

ಹೊರಡುವ ಮುನ್ನ ಶ್ರೀಕಂಠ ನನಗೊಂದು ತೋರಿಸಿದರು. ಪುಟದ ಒಳಗೆ, ಬ್ರೌಸರ್ ಓದದೆ ಬಿಟ್ಟುಬಿಡುವ ಜಾಗಗಳಲ್ಲಿ, ಪ್ರತಿ ತುಂಡಿನ ಮೇಲೂ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದರು. ಇದು ಏನು ಮಾಡುತ್ತದೆ, ಯಾಕೆ ಹೀಗೆ. “ಇದೂ ಒಂದಿನ ಹಳೇದಾಗುತ್ತೆ ಮೇಡಂ. ಆಗ ನಾನಿರ್ತೀನೋ ಇಲ್ಲವೋ. ಬೇರೆ ಯಾರಾದ್ರೂ ಓದಿಕೊಂಡು ಮತ್ತೆ ಬರೀಬಹುದು.” ಬೆಳಕು ಸರಿಯುವ ತುಂಡಿನ ಮೇಲೆ ಹೀಗಿತ್ತು: ‘ಸದ್ದು ಮುಗಿದು ಉಸಿರು ತೆಗೆದುಕೊಳ್ಳುವವರೆಗೆ ಕಾಯಬೇಕು. ಅವಸರ ಮಾಡಬಾರದು. ಇದನ್ನು ಕಂಡುಹಿಡಿದವರು ಪುಟ್ಟತಾಯಮ್ಮ.’

ಪರೀಕ್ಷಾ ಕೇಂದ್ರದವರಿಗೆ ತೋರಿಸುವ ದಿನ ಬಂತು. ಶ್ರೀಕಂಠ ಅಂಗಡಿ ಮುಚ್ಚಿ ಬಂದಿದ್ದರು, ಆದರೆ ಒಳಗೆ ಬರಲು ಒಪ್ಪದೆ ಗೇಟಿನ ಬಳಿಯೇ ನಿಂತರು. ಪವಿತ್ರಳನ್ನು ಅವಳ ತಂದೆ ಎತ್ತಿಕೊಂಡು ಬಂದು ಕೂರಿಸಿದರು. ಕೇಂದ್ರದ ಮುಖ್ಯಸ್ಥರು ಪತ್ರ ಓದಿದರು, ಲ್ಯಾಪ್‌ಟಾಪ್ ನೋಡಿದರು, ಆಗುವುದಿಲ್ಲವೆಂದು ತಲೆಯಾಡಿಸಿದರು.

“ಹೊರಗಿನ ಮೆಷಿನ್ ಒಳಗೆ ಬಿಡೋ ಹಾಗಿಲ್ಲ ಮೇಡಂ. ಅದರಲ್ಲಿ ಏನಿದೆ ಅಂತ ನಾನು ಹೇಗೆ ನಂಬಲಿ? ನಮ್ಮ ಕಂಪ್ಯೂಟರಿನಲ್ಲಿ ಬರೆಯೋದಾದ್ರೆ ಬರೀಲಿ.”

ಒಂದು ತಿಂಗಳ ಹಿಂದೆ ಆ ಮಾತು ಕೇಳಿದ್ದರೆ ಪವಿತ್ರಳನ್ನು ವಾಪಸ್ ಕರೆದುಕೊಂಡು ಹೋಗಬೇಕಾಗುತ್ತಿತ್ತು. ಹಳೆಯ ಪುಟ, ಅವರ ಕಂಪ್ಯೂಟರು, ಯಾವುದೋ ಬ್ರೌಸರು: ಅಲ್ಲಿಗೆ ಮುಗಿಯುತ್ತಿತ್ತು. ಈಗಲೂ ಪೆನ್‌ಡ್ರೈವ್ ಕೊಡುವಾಗ ನನಗೆ ಪೂರ್ತಿ ಧೈರ್ಯವಿರಲಿಲ್ಲ. ಅವರು ಅದನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಅದರಲ್ಲಿದ್ದದ್ದು ನಾವು ಒಮ್ಮೆಯೂ ಪರೀಕ್ಷಿಸದ ಬೇರೊಂದು ಬ್ರೌಸರ್. ಪುಟ ತೆರೆಯಿತು. ಚಿತ್ರಗಳು ಬಂದವು. ಒಂದು ಕ್ಷಣ ಏನೂ ಆಗಲಿಲ್ಲ.

ಟಕ್.

ಗುಂಡಿಯ ತಂತಿಯನ್ನು ಸಿಕ್ಕಿಸಿ ಪವಿತ್ರಳ ಕಾಲಿನ ಕೆಳಗಿಟ್ಟೆ. ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಕೂತು, “ನಿನಗೆ ಯಾವ ವಿಷಯ ಕಷ್ಟಮ್ಮ?” ಎಂದು ಕೇಳಿದರು. ಕೇಳಿದ ಮೇಲೆ ಸುಮ್ಮನೆ ಕಾದರು. ಅವಸರ ಮಾಡಲಿಲ್ಲ. ಅಕ್ಷರಗಳು ಬಂದವು.

‘ಗಣಿತ. ನಿಮಗೆ?’

ಅವರು ಜೋರಾಗಿ ನಕ್ಕರು. “ನನಗೂ ಅದೇ ಕಣಮ್ಮ,” ಎಂದು ಕಾಗದಕ್ಕೆ ಸಹಿ ಹಾಕಿದರು. ನಾನು ಗೇಟಿಗೆ ಓಡಿದೆ. ಶ್ರೀಕಂಠ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಕಾಂಪೌಂಡಿಗೆ ಬೆನ್ನು ಕೊಟ್ಟು ಹಾಗೇ ಕೆಳಗೆ ಜಾರಿ ಕೂತರು, ಕಣ್ಣು ಮುಚ್ಚಿ ಎರಡು ಸಲ ದೀರ್ಘವಾಗಿ ಉಸಿರು ಬಿಟ್ಟರು. ಆಮೇಲೆ ಎದ್ದು, ಎದುರಿನ ಅಂಗಡಿಯಲ್ಲಿ ನಮಗೆಲ್ಲ ಕಬ್ಬಿನ ಹಾಲು ಕೊಡಿಸಿದರು.

ಪರೀಕ್ಷೆಗಳು ನಡೆದವು. ಒಂದೊಂದು ದಿನವೂ ಎಲ್ಲರೂ ಹೋದ ಮೇಲೆ ಖಾಲಿ ಶಾಲೆಯಲ್ಲಿ ಅವಳ ಕೋಣೆಯಿಂದ ಮಾತ್ರ ಟಕ್ ಟಕ್ ಕೇಳುತ್ತಿತ್ತು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪಾಸಾಗಿದ್ದಳು. ದೊಡ್ಡ ಅಂಕಗಳೇನಲ್ಲ, ಗಣಿತದಲ್ಲಿ ಅಂಚಿನ ಮೇಲೆ ಪಾರಾಗಿದ್ದಳು. ಯಾರೂ ಬಂದು ಫೋಟೊ ತೆಗೆಯಲಿಲ್ಲ. ಅವಳ ತಂದೆ ಬೀದಿಯವರಿಗೆಲ್ಲ ಎಳನೀರು ಕೆಡವಿಸಿದರು.

ಅದಾದ ವಾರಕ್ಕೆ ಪುಟ್ಟತಾಯಮ್ಮ ಹನೂರಿಗೆ ಹೊರಟರು, ಸವಿತಳ ಮನೆಯಲ್ಲಿ ಮೂರು ದಿನ ಇದ್ದು ಬರಲು. ಹಾಗೆ ಹೊರಟಿದ್ದಾರೆ ಎಂದು ಕೇಳಿದಾಗ ನನಗೇನೂ ವಿಶೇಷ ಅನ್ನಿಸಲಿಲ್ಲ. ಯಳಂದೂರಿನ ಬಸ್ ನಿಲ್ದಾಣದಲ್ಲಿ ಜೊತೆಗೆ ಕೂತಾಗ ಅವರೇ ಹೇಳಿದರು: ಪವಿತ್ರ ಹುಟ್ಟಿದ ಮೇಲೆ ಅವರು ಒಂದು ರಾತ್ರಿಯೂ ಮನೆಯಿಂದ ಹೊರಗೆ ಮಲಗಿರಲಿಲ್ಲ. ದೊಡ್ಡ ಮಗಳ ಮದುವೆಯ ಬೀಗರೂಟಕ್ಕೂ ಹೋಗಿ ಸಂಜೆಗೆ ವಾಪಸಾಗಿದ್ದರು. “ಆ ಕಂಪ್ಯೂಟ್ರು ಯಾವಾಗ ಕೆಡ್ತದೋ, ಕೆಟ್ರೆ ಅವಳ್ ಸನ್ನೆ ತಿಳಿಯೋಳು ನಾನೊಬ್ಳೇ ಅಲ್ವಾ ಮಿಸ್ಸು. ಆ ಹಲ್ಲು ನೋವ್ನಾಗೆ ನಂಗೂ ತಿಳೀನಿಲ್ಲ. ಆವಾಗ್ನಿಂದ ನಾನು ಸತ್ರೆ ಇವ್ಳ ಗತಿ ಏನು ಅಂತ ಕಣ್ಗೆ ನಿದ್ದೆ ಅತ್ತಿದ್ದೇ ಇಲ್ಲ. ಈಗ ಅವರಪ್ಪನ್ ಫೋನ್ನಾಗೂ ಅದೆ, ಅವ್ಳ ಚಿಕ್ಕವ್ವನ್ ಫೋನ್ನಾಗೂ ಅದೆ. ಯಾರ್ ಮನೇಲಾದ್ರೂ ಮಾತಾಡ್ತಳೆ.”

ಬಸ್ಸು ಬಂತು. ನಾವಿಬ್ಬರೂ ಹತ್ತಿದೆವು, ಕೊಳ್ಳೇಗಾಲದವರೆಗೆ ಒಂದೇ ದಾರಿ. ಬಸ್ಸು ಊರು ದಾಟಿ ಗದ್ದೆ ಬಯಲಿಗೆ ಬರುವಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಕಿವಿಗಿಟ್ಟುಕೊಂಡವರು ಗಾಬರಿಯಿಂದ ನನ್ನ ಕಡೆ ತಿರುಗಿ, ಸದ್ದು ಜೋರು ಮಾಡಿಕೊಡಲು ಹೇಳಿದರು. ಮಾಡಿದೆ. ಟಕ್, ಟಕ್, ಟಕ್ ಎಂಬ ಸದ್ದಿನ ಹಿಂದೆ ಹುಡುಗಿಯ ದನಿ ಬಂತು.

‘ಅವ್ವ.’

“ಊಂ ಏಳವ್ವ, ಏನಾಯ್ತು? ಎಲ್ಲಾರ ನೋಯ್ತದಾ?”

ನಾವು ಕಾದೆವು. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಟಿಕೆಟ್ ಕೇಳಲು ಬಂದವರು, ಪುಟ್ಟತಾಯಮ್ಮ ಕೈ ಎತ್ತಿದ್ದು ನೋಡಿ ಹಾಗೇ ನಿಂತರು. ಟಕ್, ಟಕ್.

‘ಇಲ್ಲ.’ ಮತ್ತೆ ಟಕ್, ಟಕ್. ‘ಊಟ ಆಯ್ತು.’

ಪುಟ್ಟತಾಯಮ್ಮ ಫೋನ್ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ತಲೆ ಕಂಬಿಗೆ ಒರಗಿ, ಬಾಯಿ ತುಸು ತೆರೆದು, ನಿದ್ದೆ ಹೋಗಿದ್ದರು. ಕೊಳ್ಳೇಗಾಲ ಬಂದರೂ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಹನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಎಲ್ಲರೂ ಇಳಿದ ಮೇಲೂ ಡ್ರೈವರನ್ನು ಕೇಳಿಕೊಂಡು, ಅವರು ತಾವಾಗಿ ಕಣ್ಣು ತೆರೆಯುವವರೆಗೆ ಆ ಖಾಲಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದೆ.